ಹಿಡಿಯೊಳಗಿನ ತುಕ್ಕು

ಕತ್ತಿ ನೋಡಲು ಕೂರುವಾಗ ನಮ್ಮಣ್ಣ ಬಾಯಲ್ಲಿ ಒಂದು ಮಡಿಸಿದ ಕಾಗದ ಕಚ್ಚಿಕೊಳ್ಳುತ್ತಿದ್ದ. ಉಸಿರಿನ ಪಸೆ, ಮಾತಿನ ಎಂಜಲು ಅಲಗಿನ ಮೇಲೆ ಬೀಳಬಾರದು ಅಂತ. ಜಪಾನಿನ ಹಳೇ ಕತ್ತಿಗಳಿಗೆ ತುಕ್ಕು ಹಿಡಿಯಲು ಅಷ್ಟೇ ಸಾಕಂತೆ. ಹಾಗಾಗಿ ಅವನು ಆ ಕೋಣೆಯಲ್ಲಿದ್ದಾಗ ಏನು ಕೇಳಿದರೂ ಉತ್ತರ ಬರುತ್ತಿರಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು, "ನನ್ನ ಹತ್ರ ಮಾತಾಡೋದು ತಪ್ಪುತ್ತೆ ಅಂತಾನೇ ಈ ಹುಚ್ಚು ಹಿಡಿಸ್ಕೊಂಡ್ರಾ?" ಅನ್ನುತ್ತಿದ್ದರು. ಅವನು ಕಾಗದ ಬಿಡದೆ ಕಣ್ಣಲ್ಲೇ ನಗುತ್ತಿದ್ದ.

ಬರುವ ಯುಗಾದಿಗೆ ಅವನು ತೀರಿಕೊಂಡು ಒಂದು ವರ್ಷ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಹಳೇ ಕತ್ತಿ ಕೂಡಿಡುವ ಜನರಿದ್ದಾರೆ. ಅವರ ಮುಂದೆ ಅವನ ಹೆಸರು ಎತ್ತಿದರೆ ಈಗಲೂ ಒಂದು ಕೆಟ್ಟ ವಿಷಯ ನೆನಪಾಗುತ್ತದೆ. ಆ ವಿಷಯ ನನ್ನದು, ಅವನದಲ್ಲ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ನೆನಪಾದ ಹಾಗೆ ಬರೆಯುತ್ತೇನೆ.

ನಮ್ಮಪ್ಪನಿಗೆ ಹಾಸನದಲ್ಲಿ ಸೈಕಲ್ ಶಾಪ್ ಇತ್ತು. ಅಣ್ಣ ಓದಿದ, ನಾನು ಓದಲಿಲ್ಲ. ಲೋಹದ ಇಂಜಿನಿಯರಿಂಗ್ ಮಾಡಿ ಹ್ಯೂಸ್ಟನ್‌ಗೆ ಬಂದ. ಎಣ್ಣೆ ಸಾಗಿಸುವ ದೊಡ್ಡ ಪೈಪುಗಳು ಒಡೆದರೆ ಯಾಕೆ ಒಡೆದವು ಅಂತ ನೋಡಿ ಹೇಳುವುದು ಅವನ ಕೆಲಸ. ಒಡೆದ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದನಂತೆ, ಬೇರೆಯವರು ಯಾರ ತಪ್ಪು ಅಂತ ಜಗಳವಾಡುತ್ತಿದ್ದರೆ ಇವನು ಮಾತೇ ಆಡುತ್ತಿರಲಿಲ್ಲವಂತೆ. "ಅವರು ಹೇಳೋದು ಕೇಳಿ ಏನು ಮಾಡ್ಲಿ? ಮುರಿದ ಜಾಗ ನೋಡಿದ್ರೆ ಗೊತ್ತಾಗುತ್ತೆ" ಅನ್ನುತ್ತಿದ್ದ. ಒಂದು ಸಲ ಜತೆಗೆ ಕೆಲಸ ಮಾಡುವವನೊಬ್ಬ ತನ್ನ ತಂದೆ ಜಪಾನಿನ ಜತೆಗಿನ ಯುದ್ಧದಿಂದ ತಂದ ಕತ್ತಿಯೊಂದನ್ನು ಕೊಟ್ಟು ಇದು ಯಾವ ಕಾಲದ್ದು ನೋಡು ಅಂದನಂತೆ. ಅಲ್ಲಿಂದ ಶುರು.

ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣ ನನ್ನನ್ನೂ ಕರೆಸಿಕೊಂಡ. ಅಷ್ಟರಲ್ಲಿ ಅವರು ಡಾಲಸ್ ಕಡೆ ಮೆಕಿನ್ನಿಗೆ ಶಿಫ್ಟ್ ಆಗಿದ್ದರು. ಪಕ್ಕದ ಫ್ರಿಸ್ಕೋದ ಒಂದು ಇಂಡಿಯನ್ ಅಂಗಡಿಯಲ್ಲಿ ತಿಂಡಿ ಕೌಂಟರಿಗೆ ಸೇರಿಸಿದ. "ಅಲ್ಲೆಲ್ಲ ಇಂಗ್ಲಿಷ್ ಮಾತಾಡ್ತಾರಲ್ಲೋ" ಅಂದೆ. "ಸಮೋಸ ಅನ್ನೋಕೆ ಎಷ್ಟು ಇಂಗ್ಲಿಷ್ ಬೇಕೇ?" ಅಂದ. ಹಾಗೆ ಅಲ್ಲಿ ನಿಂತು ನಿಂತು ನನಗೂ ಒಂದಿಷ್ಟು ಬಂತು. ಖಾರ ಇದೆಯಾ, ಮೊಟ್ಟೆ ಹಾಕಿದ್ದಾರಾ, ಬಿಸಿ ಮಾಡಿಕೊಡಲಾ, ತಪ್ಪಾಯಿತು, ಬೇರೆ ಕೊಡುತ್ತೇನೆ. ಇಷ್ಟಕ್ಕೆ ತೊಂದರೆಯಿಲ್ಲ.

ಅವನ ಕೋಣೆಯಲ್ಲಿ ಯಾವಾಗಲೂ ಲವಂಗದ ವಾಸನೆ. ಕತ್ತಿಗೆ ಹಚ್ಚುವ ಎಣ್ಣೆಗೆ ಲವಂಗ ಹಾಕಿರುತ್ತಾರೆ. "ಮನೆಗೆ ಬಂದವರು ಯಾರಿಗೆ ಹಲ್ಲುನೋವು ಅಂತ ಕೇಳ್ತಾರೆ" ಅಂತ ಅತ್ತಿಗೆ ಗೊಣಗುವರು. ಮೇಜಿನ ಮೇಲೆ ಶೇಡ್ ತೆಗೆದ ಒಂದೇ ಬಲ್ಬು. ಅದರ ಕೆಳಗೆ ಅಲಗನ್ನು ಒಂದು ಕೋನದಲ್ಲಿ ಹಿಡಿದರೆ ಅಂಚಿನ ಉದ್ದಕ್ಕೂ ಮಂಜಿನ ಹಾಗೆ ಬೆಳ್ಳಗಿನ ಗೆರೆಯೊಂದು ಏಳುತ್ತಿತ್ತು. ಕಾಯಿಸಿ ನೀರಿಗೆ ಅದ್ದಿದಾಗ ಮೂಡಿದ್ದು ಅಂತ ತೋರಿಸಿದ್ದ. ಹೋಟೆಲಿಗೆ ಹೋದರೆ ಚಮಚವನ್ನೂ ಹಾಗೇ ದೀಪಕ್ಕೆ ಹಿಡಿಯುವನು. ಅವನ ಮಗಳು ಅನುಷಾ, "ಅಪ್ಪಾ, ಪ್ಲೀಸ್, ಪೀಪಲ್ ಆರ್ ವಾಚಿಂಗ್" ಅಂತ ಮುಖ ಮುಚ್ಚಿಕೊಳ್ಳುವಳು.

ಕತ್ತಿ ಮೇಳಗಳು ಹೋಟೆಲಿನ ಹಾಲ್‌ಗಳಲ್ಲಿ ಆಗುತ್ತವೆ. ಡಾಲಸ್‌ನಲ್ಲಿ ಒಮ್ಮೆ, ಹ್ಯೂಸ್ಟನ್‌ನಲ್ಲಿ ಒಮ್ಮೆ. ರಜೆ ಸಿಕ್ಕರೆ ನಾನೂ ಪುಳಿಯೋಗರೆ ಕಟ್ಟಿಕೊಂಡು ಕಾರಲ್ಲಿ ಕೂತು ಹೋಗುತ್ತಿದ್ದೆ. ಅಲ್ಲಿ ಅವರದೊಂದು ಆಟ. ಕತ್ತಿಯ ಹಿಡಿಗೆ ಬಟ್ಟೆ ಸುತ್ತಿ ಇಡುತ್ತಾರೆ. ಬರೀ ಅಲಗು ನೋಡಿ ಯಾವ ಊರಿನ ಯಾವ ಕಮ್ಮಾರ ಮಾಡಿದ್ದು ಅಂತ ಹೇಳಬೇಕು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಇವನ ಕಡೆ ತಿರುಗುವರು. ಇವನು ಮೊದಲು ಕತ್ತಿಗೆ ತಲೆಬಾಗಿ, ನೋಡಿ, ಮತ್ತೆ ತಲೆಬಾಗಿ, ಆಮೇಲೆ ಮೆಲ್ಲಗೆ ಒಂದು ಹೆಸರು ಹೇಳುವನು. ತಪ್ಪಾದದ್ದೂ ಉಂಟು. ತಪ್ಪಾದಾಗ ಮುಖ ಅರಳುತ್ತಿತ್ತು, ಇನ್ನೂ ಕಲಿಯುವುದಿದೆಯಲ್ಲ ಅಂತ. ನಮ್ಮ ಕಡೆಯವನೊಬ್ಬ ಬಿಳಿಯರ, ಜಪಾನಿಯರ ನಡುವೆ ಹಾಗೆ ಕೂತಿದ್ದು ನೋಡಿದರೆ ನನಗೆ ಅಪ್ಪನ ನೆನಪಾಗುತ್ತಿತ್ತು.

ತುಂಬ ಜನ ಯುದ್ಧದ ಕಾಲದಲ್ಲಿ ಕಾರ್ಖಾನೆಯಲ್ಲಿ ಮಾಡಿದ ಕತ್ತಿಗಳನ್ನು ಹಳೇವು ಅಂದುಕೊಂಡು ತರುತ್ತಿದ್ದರು. ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಿಂದ ಒಬ್ಬಾಕೆ ಮಗುವನ್ನು ಎತ್ತಿಕೊಂಡ ಹಾಗೆ ತಾತನ ಕತ್ತಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಅಣ್ಣನಿಗೆ ಒರೆಯಿಂದ ಎಳೆಯುವ ಮೊದಲೇ ಗೊತ್ತಾಗಿತ್ತು. ಆದರೂ ಪೂರ್ತಿ ನೋಡಿದ. ತಾತ ಯಾವ ಊರಿನವರು, ಕತ್ತಿ ಮನೆಯಲ್ಲಿ ಎಲ್ಲಿರುತ್ತಿತ್ತು, ನೀನು ಚಿಕ್ಕವಳಿದ್ದಾಗ ಮುಟ್ಟಲು ಬಿಡುತ್ತಿದ್ದರಾ ಅಂತೆಲ್ಲ ಕೇಳಿದ. ಕೊನೆಗೆ, ಕತ್ತಿ ಹೊಸದು, ಆದರೆ ನಿಮ್ಮ ತಾತ ಹೇಳಿದ್ದೆಲ್ಲ ನಿಜವೇ ಇರಬಹುದು, ಇಟ್ಟುಕೊಳ್ಳಿ ಅಂದ. ಆಕೆ ಅತ್ತಳು, ಆದರೆ ಥ್ಯಾಂಕ್ಸ್ ಹೇಳಿ ಹೋದಳು. "ಪೊಳ್ಳು ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತಲ್ಲೋ" ಅಂದೆ. "ಮನೆಗೆ ಹೋಗೋವರೆಗೂ ಅವಳು ಡ್ರೈವ್ ಮಾಡಬೇಕಲ್ಲೇ" ಅಂದ.

ಆಸ್ಟಿನ್‌ನ ವಾಲ್ಟರ್ ಅನ್ನುವ ಮುದುಕ ಬಂದದ್ದು ಅದಾದ ಮೇಲೆ. ಅವನ ತಂದೆ ಸಿಪಾಯಿಯಾಗಿದ್ದಾಗ ತಂದ ಕತ್ತಿ. ಇದು ನೂರಾರು ವರ್ಷ ಹಳೆಯದು, ದೊಡ್ಡ ಕಮ್ಮಾರನೊಬ್ಬನ ಕೈಯದು ಅಂತ ತಂದೆ ಸಾಯುವವರೆಗೂ ಹೇಳಿದನಂತೆ, ಯಾರೂ ನಂಬಲಿಲ್ಲವಂತೆ. ಮುದುಕನಿಗೆ ಅರಳುಮರಳು ಎಂದು ನಕ್ಕರಂತೆ. ನನ್ನ ತಂದೆ ಸುಳ್ಳುಗಾರನಲ್ಲ ಅಂತ ನಾನು ಸಾಯುವ ಮೊದಲು ಗೊತ್ತಾದರೆ ಸಾಕು, ನಾನೇನು ಮಾರುವುದಿಲ್ಲ ಅಂದ ವಾಲ್ಟರ್. ಅಣ್ಣ ಕಾಗದ ಕಚ್ಚಿಕೊಂಡು ಅಲಗನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದ. ಆದರೆ ಹಿಡಿ ಬಿಚ್ಚಲು ಬರುತ್ತಿರಲಿಲ್ಲ. ಹಿಡಿಯನ್ನು ಹಿಡಿದಿಡುವ ಬಿದಿರಿನ ಗೂಟ ಗಟ್ಟಿಯಾಗಿ ಕೂತಿತ್ತು. ಕತ್ತಿ ಬಿಟ್ಟು ಹೋಗಿ, ನಿಧಾನಕ್ಕೆ ಬಿಚ್ಚುತ್ತೇನೆ ಅಂದ.

ಯಾಕೆ ಬಿಚ್ಚಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ನಮ್ಮ ಮಚ್ಚಿಗೆ ಹಿಡಿಯೊಳಗೆ ಹೋಗುವ ಬಾಲ ಇರುತ್ತದಲ್ಲ, ಈ ಕತ್ತಿಗೂ ಹಾಗೇ. ಕಮ್ಮಾರ ತನ್ನ ಹೆಸರು ಕೆತ್ತುವುದು ಆ ಬಾಲದ ಮೇಲೆ. ಅಲಗನ್ನು ತಲೆತಲಾಂತರ ಸಾಣೆ ಹಿಡಿಯುತ್ತಾರೆ, ಬಾಲವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅದರ ಮೇಲೆ ಕೂತ ಕಪ್ಪು ತುಕ್ಕಿನ ಬಣ್ಣ ನೋಡಿಯೇ ವಯಸ್ಸು ಹೇಳುವುದು. ಕೆತ್ತಿದ ಅಕ್ಷರದೊಳಗೂ ಅದೇ ತುಕ್ಕು ಕೂತಿದ್ದರೆ ಹೆಸರು ನಿಜ. ಮೋಸ ಮಾಡುವವರು ಆಮೇಲೆ ಹೆಸರು ಕೆತ್ತಿ, ಹೊಸದೆಂದು ಗೊತ್ತಾಗದಂತೆ ಬಾಲವನ್ನೇ ಉಜ್ಜಿಬಿಡುತ್ತಾರೆ.

ಎಷ್ಟೋ ದಿನ ಒಂದಿಷ್ಟೊಂದಿಷ್ಟು ಎಣ್ಣೆ ಬಿಟ್ಟು, ಆಯುಧಪೂಜೆಯ ಹಿಂದಿನ ಸಂಜೆ ಗೂಟ ಬಿಚ್ಚಿದ. ಅಡುಗೆಮನೆಗೆ ಬಂದು, "ಇದೆ ಕಣೇ. ಹೆಸರಿದೆ. ಸರಿಯಾಗೇ ಇದೆ" ಅಂದ. ಅವನು ಹಾಗೆ ತಾನೇ ಬಂದು ಹೇಳಿದ್ದು ಅದೊಂದೇ ಸಲ. ವಾಲ್ಟರ್‌ಗೆ ಫೋನ್ ಮಾಡಿ ನಿಮ್ಮ ತಂದೆ ಹೇಳಿದ್ದು ನಿಜ ಅಂದ. ಹ್ಯೂಸ್ಟನ್, ಡಾಲಸ್ ಗೆಳೆಯರಿಗೂ ಹೇಳಿದ. ಜಪಾನಿನಿಂದ ಹ್ಯೂಸ್ಟನ್ ಮೇಳಕ್ಕೆ ಬರುವ ತಜ್ಞರು ಅದನ್ನು ನೋಡಿ ಪ್ರಮಾಣಪತ್ರ ಕೊಡುವುದಿತ್ತು. ಬೆಳಕು ಬಂದ ಮೇಲೆ ಬಾಲದ ಫೋಟೋ ತೆಗೆಯುತ್ತೇನೆ ಅಂತ ಮೇಜಿನ ಮೇಲೆ ಬಿಚ್ಚಿದ ಕತ್ತಿಯನ್ನು ಬಿಳಿ ಬಟ್ಟೆ ಮುಚ್ಚಿ ಇಟ್ಟ. ಬೆಳಿಗ್ಗೆ ಆಫೀಸಿನವರು ಅರ್ಜೆಂಟಾಗಿ ಕರೆದರು ಅಂತ ಹೊರಟುಹೋದ.

ಹಾಸನದಲ್ಲಿ ಆಯುಧಪೂಜೆಗೆ ಶಾಪಿನ ಸ್ಪ್ಯಾನರು, ಸುತ್ತಿಗೆ, ಪಂಪು ಎಲ್ಲ ನಾನೇ ಉಜ್ಜುತ್ತಿದ್ದೆ. ಹುಣಸೆಹಣ್ಣು, ಇಟ್ಟಿಗೆ ಪುಡಿ. ಅಪ್ಪ ಒಂದೊಂದನ್ನೇ ಎತ್ತಿ ನೋಡಿ, "ನನ್ನ ಮಗಳು ಉಜ್ಜಿದ್ದು ಅಂದ್ರೆ ಮುಖ ಕಾಣಬೇಕು" ಅನ್ನುತ್ತಿದ್ದರು. ಓದಿನಲ್ಲಿ ನನ್ನನ್ನು ಯಾರೂ ಹೊಗಳಿದ್ದಿಲ್ಲ. ಆ ದಿನ ಬೆಳಿಗ್ಗೆ ಈಳಿಗೆಮಣೆ, ಚಾಕು, ಅಣ್ಣನ ಟೂಲ್ ಬಾಕ್ಸು, ಕಾರಿನ ಕೀಲಿ ಎಲ್ಲ ದೇವರ ಮುಂದೆ ಇಟ್ಟೆ. ಕತ್ತಿ ಇರುವ ಮನೆಯಲ್ಲಿ ಕತ್ತಿಗೇ ಪೂಜೆ ಇಲ್ಲವೇ ಅನ್ನಿಸಿತು. ಬಟ್ಟೆ ತೆಗೆದು ನೋಡಿದರೆ ಅಲಗು ಫಳಫಳ ಹೊಳೆಯುತ್ತಿದೆ, ಹಿಡಿಯ ಕಡೆ ಮಾತ್ರ ಕರ್ರಗೆ ತುಕ್ಕು. ಅಲಗು ಮುಟ್ಟಬಾರದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮುಟ್ಟಲಿಲ್ಲ. ಬಟ್ಟೆ ಸುತ್ತಿ ಹಿಡಿದುಕೊಂಡು, ಬಾಯಿಗೆ ಸೆರಗು ಕಟ್ಟಿಕೊಂಡು, ಬಾಲವನ್ನಷ್ಟೇ ಹುಣಸೆಹಣ್ಣು ಹಾಕಿ ಪಾತ್ರೆ ಉಜ್ಜುವ ಬ್ರಷ್‌ನಿಂದ ಉಜ್ಜಿದೆ. ಬೆಳ್ಳಿಯ ಹಾಗೆ ಬಂತು. ಅಕ್ಷರಗಳು ತೆಳ್ಳಗಾಗಿ ಕಂಡವು, ಕೊಳೆ ಹೋಯಿತಲ್ಲ ಅಂದುಕೊಂಡೆ. ಅರಿಸಿನ ಕುಂಕುಮ ಇಟ್ಟು, ಮುಖ ಕಾಣುತ್ತಾ ಅಂತ ಬಗ್ಗಿ ನೋಡಿದೆ. ಕಂಡಿತು.

ಸಂಜೆ ಅಣ್ಣ ಬಂದ. ಬೊಂಬೆ ನೋಡಲು ಬಂದವರು ಆಗ ತಾನೇ ಹೋಗಿದ್ದರು. ಚಪ್ಪಲಿ ಬಿಟ್ಟು ಕೈಮುಗಿಯಲು ದೇವರ ಮುಂದೆ ನಿಂತವನು ಕೈ ಇಳಿಸಿದ. ನಾನು ಹೊಗಳುತ್ತಾನೆ ಅಂತ ಕಾಯುತ್ತ ನಿಂತಿದ್ದೆ. ತಿರುಗಿದಾಗ ಅವನ ಮುಖ ನೋಡಿ ನನಗೆ ಏನೋ ಆಗಬಾರದ್ದು ಆಗಿದೆ ಅಂತ ಗೊತ್ತಾಯಿತು.

"ಯಾರು ಉಜ್ಜಿದ್ದು?"

"ಕುಂಕುಮ ಇಟ್ಟಿದ್ದು ನಾನು" ಅಂದೆ.

"ಉಜ್ಜಿದ್ದು?"

"ನಾನು ಇಡೋವಾಗಲೇ ಹಾಗಿತ್ತು."

"ಹಾಗೇ ಇತ್ತಾ?"

"ಹ್ಞೂಂ."

ಅವನು ನನ್ನ ಕೈ ನೋಡಿದ. ಹುಣಸೆಹಣ್ಣಿನ ಕೆಲಸ ಮಾಡಿದರೆ ಉಗುರಿನ ಸಂದಿ ಹೇಗಾಗುತ್ತದೆ ಅಂತ ಸೈಕಲ್ ಶಾಪಿನವನ ಮಗನಿಗೆ ಹೇಳಬೇಕಿಲ್ಲ. "ಆಯ್ತು ಬಿಡು" ಅಂದ. ಕತ್ತಿ ಎತ್ತಿಕೊಂಡು ಕೋಣೆಗೆ ಹೋಗಿ ಎಣ್ಣೆ ಹಚ್ಚಿದ. ಅತ್ತಿಗೆ ಬಂದು ಏನಾಯಿತು ಅಂದಾಗ, "ಏನಿಲ್ಲ, ಊಟಕ್ಕೆ ಬಡಿಸು" ಅಂದ.

ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆ ಕಾರಣವಿಲ್ಲ. ಅವನ ಮನೆಯ ಅನ್ನ ತಿನ್ನುತ್ತಿದ್ದೆ. ಅತ್ತಿಗೆಯ ಮಾತಿಗೆ ಹೆದರಿದ್ದೆ. ಆದರೆ ನಿಜ ಹೇಳಬೇಕೆಂದರೆ, ಉಜ್ಜುವುದೊಂದೇ ನನಗೆ ಬರುತ್ತಿದ್ದ ವಿದ್ಯೆ, ಅದರಲ್ಲೂ ತಪ್ಪು ಮಾಡಿದೆ ಅಂತ ಒಪ್ಪಿಕೊಳ್ಳಲು ಆಗಲಿಲ್ಲ.

ಹ್ಯೂಸ್ಟನ್‌ಗೆ ನಾನೂ ಹೋದೆ. ಹುಣಸೆಹಣ್ಣು ನೆನೆಹಾಕಲು ಕೈ ಬರದೆ ಚಿತ್ರಾನ್ನ ಕಟ್ಟಿದ್ದೆ. ದಾರಿಯಲ್ಲಿ ಡಬ್ಬಿ ತೆಗೆದು, "ಪುಳಿಯೋಗರೆ ಮಾಡ್ಲಿಲ್ವಾ?" ಅಂದ. "ಇಲ್ಲ" ಅಂದೆ. ಚಿತ್ರಾನ್ನ ಪೂರ್ತಿ ತಿಂದ.

ಹಾಲ್‌ನಲ್ಲಿ ಆ ತಜ್ಞರು ಬಾಲವನ್ನು ನೋಡಿ, ಒಬ್ಬರಿಂದ ಒಬ್ಬರಿಗೆ ದಾಟಿಸಿ, ಕತ್ತಿಯನ್ನು ವಾಪಸ್ ಕೊಟ್ಟರು. ಬಾಲ ಉಜ್ಜಿಬಿಟ್ಟಿದೆ, ಹೆಸರು ನಿಜವೋ ಸುಳ್ಳೋ ಇನ್ನು ಯಾರೂ ಹೇಳಲಾರರು ಅಂತ. ಉಜ್ಜುವ ಮೊದಲು ಅದನ್ನು ನೋಡಿದ್ದವನು ಅಣ್ಣ ಒಬ್ಬನೇ. ಬಿಚ್ಚಿದವನೂ ಅವನೇ, ಹೆಸರಿದೆ ಅಂತ ಎಲ್ಲರಿಗೂ ಹೇಳಿದವನೂ ಅವನೇ. ಹೊರಗೆ ಲಾಬಿಯಲ್ಲಿ ವಾಲ್ಟರ್ ಅವನನ್ನು ನಿಲ್ಲಿಸಿ ಏನು ಮಾಡಿದೆ ಅಂತ ಕೇಳಿದ. "ನನ್ನ ಮನೆಯಲ್ಲಿದ್ದಾಗ ಆಗಿದ್ದು. ತಪ್ಪು ನನ್ನದು" ಅಂದ ಅಣ್ಣ. ಅಷ್ಟೇ. ಮುದುಕನ ಕುತ್ತಿಗೆ ಕೆಂಪಾಯಿತು. ಹೆಸರು ನೀನೇ ಕೆತ್ತಿದೆ, ನನ್ನ ತಂದೆಯ ಹೆಸರು ಹೇಳಿಕೊಂಡು ದೊಡ್ಡವನಾಗಲು ನೋಡಿದೆ ಅಂದ. ಎಲ್ಲರೂ ಕೇಳಿಸಿಕೊಂಡರು. ನಾನು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದೆ, ಹತ್ತು ಹೆಜ್ಜೆಯೂ ದೂರವಿರಲಿಲ್ಲ.

ಆಮೇಲೆ ಕತ್ತಿ ತೋರಿಸಲು ಯಾರೂ ಬರಲಿಲ್ಲ. ಡಾಲಸ್ ಮೇಳಕ್ಕೆ ಹೋದರೆ ಆ ಆಟದ ಮೇಜಿನಲ್ಲಿ ಅವನಿಗೆ ಜಾಗ ಬಿಡುತ್ತಿರಲಿಲ್ಲ. ಒಂದು ವರ್ಷ ಹೋದ, ಆಮೇಲೆ ಬಿಟ್ಟ. ಕೋಣೆಗೆ ಬೀಗ ಹಾಕಲಿಲ್ಲ. ಹಾಕಿದ್ದರೆ ನನಗೆ ಒಂದು ಥರ ಸಮಾಧಾನವಾಗುತ್ತಿತ್ತು. ಮುಂದಿನ ಆಯುಧಪೂಜೆಗೆ ಅವನೇ ಒಂದು ಕತ್ತಿ ತಂದು ದೇವರ ಮುಂದೆ ಇಟ್ಟ. ಒರೆ, ಹಿಡಿ ಎಲ್ಲ ಹಳೆಯದು, ಚೆಂದದ್ದು. "ಇದಕ್ಕೆ ಮಾಡು. ಒಳಗೆ ಅಲಗಿಲ್ಲ, ಮರ" ಅಂದ. ಅಲಗನ್ನು ಬೇರೆ ತೆಗೆದಿಟ್ಟಾಗ ಹಿಡಿಯೂ ಒರೆಯೂ ಒಂದಕ್ಕೊಂದು ಕೂತಿರಲಿ ಅಂತ ಮರದ ಅಲಗು ಸೇರಿಸಿಡುತ್ತಾರೆ. ಅವನು ಅಲ್ಲೇ ಸ್ವಲ್ಪ ಹೊತ್ತು ನಿಂತ. ನಾನೇನಾದರೂ ಹೇಳುತ್ತೇನೆ ಅಂತ ನಿಂತಿದ್ದ. ನಾನು ಕುಂಕುಮದ ಬಟ್ಟಲು ಹುಡುಕುವವಳ ಹಾಗೆ ಬಗ್ಗಿದೆ. ಎದ್ದಾಗ ಅವನು ಇರಲಿಲ್ಲ. ಹಾಗೇ ಪ್ರತಿ ವರ್ಷ ಅವನು ತಂದಿಡುವುದು, ನಾನು ಮರಕ್ಕೆ ಪೂಜೆ ಮಾಡುವುದು.

ಅವನಿಗೆ ಮೇದೋಜೀರಕದ ಕ್ಯಾನ್ಸರ್. ಗೊತ್ತಾದಾಗ ತಡವಾಗಿತ್ತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಮಂಚದ ಪಕ್ಕದ ಸ್ಟೀಲ್ ಕಂಬಿಯನ್ನು ನೋಡುತ್ತ ಮಲಗಿದ್ದವನು ಕೇಳಿದ:

"ಹುಣಸೆಹಣ್ಣಾ, ನಿಂಬೆಹಣ್ಣಾ?"

ಇಷ್ಟು ವರ್ಷ ಆದ ಮೇಲೂ ಏನು ಅಂತ ಕೇಳಬೇಕಾಗಲಿಲ್ಲ.

"ಹುಣಸೆಹಣ್ಣು" ಅಂದೆ.

ಅವನು ತಲೆಯಾಡಿಸಿದ. "ಅದಕ್ಕೇ. ಎಲ್ಲ ಕಡೆ ತುಕ್ಕು ಒಂದೇ ಸಮ ಹೋಗಿತ್ತು." ಪೈಪು ಯಾಕೆ ಒಡೆಯಿತು ಅಂತ ಗೊತ್ತಾದಾಗ ಹೀಗೇ ತಲೆಯಾಡಿಸುತ್ತಿದ್ದನೇನೋ. ಆಮೇಲೆ, "ಚೆನ್ನಾಗೇ ಉಜ್ಜಿದ್ದೆ ಕಣೇ" ಅಂದ. ಬೈಗುಳವೋ ಅಪ್ಪನ ಮಾತನ್ನು ನೆನೆಸಿಕೊಂಡನೋ ಗೊತ್ತಾಗಲಿಲ್ಲ. ನಾನು ಅಳುತ್ತ ತಪ್ಪಾಯ್ತು ಅನ್ನುವಷ್ಟರಲ್ಲಿ ಕಣ್ಣು ಮುಚ್ಚಿದ್ದ. ಕೇಳಿಸಿತೋ ಇಲ್ಲವೋ. ಅದಾದ ಮೇಲೆ ಅವನು ನನ್ನ ಹತ್ತಿರ ನೀರು ಕೇಳಿದ, ದಿಂಬು ಸರಿಮಾಡಲು ಹೇಳಿದ, ಅಷ್ಟೇ.

ಅವನು ಹೋದ ಮೇಲೆ ಡಾಲಸ್ ಮೇಳದಲ್ಲಿ ಹಳೇ ಗೆಳೆಯರು ಒಂದು ಸಣ್ಣ ಸಭೆ ಇಟ್ಟುಕೊಂಡರು. ಸತ್ತವನ ಮೇಲೆ ಕೋಪ ಇಟ್ಟುಕೊಂಡು ಏನು ಮಾಡುವುದು ಅಂತ ಇರಬೇಕು. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಒಂದು ಕತ್ತಿ. ವಾಲ್ಟರ್ ಕೂಡ ವಾಕರ್ ಹಿಡಿದುಕೊಂಡು ಬಂದಿದ್ದ. ಮನೆಯವರು ಯಾರಾದರೂ ಮಾತಾಡಿ ಅಂದರು. ಅತ್ತಿಗೆ ಆಗುವುದಿಲ್ಲ ಅಂದರು. ನಾನು ಎದ್ದೆ. "ಅನು, ನಾನು ಹೇಳಿದ್ದನ್ನ ಇಂಗ್ಲಿಷಲ್ಲಿ ಹೇಳು" ಅಂದೆ.

ಹೇಳಿದೆ. ಆಯುಧಪೂಜೆ, ಹುಣಸೆಹಣ್ಣು, ಬಾಲ ಉಜ್ಜಿದವಳು ನಾನು, ಸುಳ್ಳು ಹೇಳಿದವಳು ನಾನು, ಅಣ್ಣ ಯಾವತ್ತೂ ಹೆಸರು ಕೆತ್ತಲಿಲ್ಲ, ಅವನು ನೋಡಿದ್ದು ನಿಜ. ಇಡೀ ಹಾಲ್‌ನಲ್ಲಿ ಅದು ಅರ್ಥವಾದದ್ದು ಅತ್ತಿಗೆಗೆ, ಅನುಗೆ. ಅತ್ತಿಗೆ ತಲೆ ಎತ್ತಲಿಲ್ಲ. ಅನು ಅವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: ನಮ್ಮತ್ತೆ ಹೇಳುತ್ತಿದ್ದಾರೆ, ಅಪ್ಪ ತುಂಬ ಜೋಪಾನದ ಮನುಷ್ಯ, ಹಳೇ ವಸ್ತುಗಳಿಗೆ ತಲೆಬಾಗುವುದನ್ನು ನಮಗೆಲ್ಲ ಕಲಿಸಿದರು, ನೀವು ಬಂದದ್ದಕ್ಕೆ ಥ್ಯಾಂಕ್ಸ್.

ಎಲ್ಲರೂ ಕತ್ತಿಗೆ ತಲೆಬಾಗಿದರು.

ಕಾರಲ್ಲಿ ಕೇಳಿದೆ, "ಯಾಕೆ ಹೇಳ್ಲಿಲ್ಲ ಅನು?" ಅವಳು ರಸ್ತೆ ನೋಡುತ್ತ, "ಅಪ್ಪ ಮೇಡ್ ಮಿ ಪ್ರಾಮಿಸ್, ಅತ್ತೆ. ಅವರ ಮುಂದೆ ನಿಮ್ಮನ್ನ ಬಿಟ್ಟುಕೊಡಬಾರದು ಅಂತ" ಅಂದಳು. ಹಿಂದಿನ ಸೀಟಿನಿಂದ ಅತ್ತಿಗೆ, "ನನಗೂ ಹೇಳಿದ್ರು" ಅಂದರು. ಇಷ್ಟು ವರ್ಷ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ತಪ್ಪು ಅನುವಿನದು ಅಂತಾಗುತ್ತದೆ. ಅವತ್ತು ಅಣ್ಣನಿಗೆ, ನಾನು ಇಡೋವಾಗಲೇ ಹಾಗಿತ್ತು ಅಂದ ಹಾಗೆಯೇ ಇದೂ. ನಡುವೆ ನಡೆದದ್ದೊಂದನ್ನು ಹೇಳದೆ ಬಿಟ್ಟಿದ್ದೇನೆ.

ಸಭೆ ಮುಗಿದು ಅನು ಕಾರು ತರಲು ಹೋಗಿದ್ದಳು, ಅತ್ತಿಗೆ ಬಾತ್‌ರೂಮಿಗೆ ಹೋಗಿದ್ದರು. ವಾಲ್ಟರ್ ವಾಕರ್ ತಳ್ಳಿಕೊಂಡು ನನ್ನ ಹತ್ತಿರ ಬಂದ. ಒಂದು ಕೈ ಬಿಡಿಸಿ ನನ್ನ ಕೈ ಹಿಡಿದ. ಅವನ ಕೈ ತಣ್ಣಗಿತ್ತು. ನಿಮ್ಮಣ್ಣ ಒಳ್ಳೆಯವನೇ ಇರಬೇಕು ಅಂದ. ಅವತ್ತು ಒಂದು ನಿಜ ಹೇಳಿಬಿಟ್ಟಿದ್ದರೆ ನಾನು ಅಲ್ಲೇ ಕ್ಷಮಿಸಿಬಿಡುತ್ತಿದ್ದೆ, ನನ್ನ ತಂದೆ ಹೇಳಿದ್ದು ನಿಜವೋ ಸುಳ್ಳೋ ಅಂತಲೂ ನನಗೆ ತಿಳಿಯದೇ ಹೋಯಿತು ಅಂದ. ನಿಧಾನವಾಗಿ, ಬಿಡಿಬಿಡಿಯಾಗಿ, ಇವಳಿಗೆ ಅರ್ಥವಾಗಲಿ ಅಂತ ಹೇಳಿದ. ಪ್ರತಿಯೊಂದು ಮಾತೂ ಅರ್ಥವಾಯಿತು. ನಾನು ಹೇಳಬೇಕಿದ್ದದ್ದು, ಇಟ್ ವಾಸ್ ಮಿ, ಮಾಡಿದ್ದು ನಾನು ಅಂತ. ಮೂರೇ ಮಾತು. ಕೌಂಟರಿನಲ್ಲಿ ಚಟ್ನಿ ಬದಲಾದರೆ ದಿನಾ ಹೇಳುವ ಮಾತು. ಅವನು ಕೈ ಬಿಡದೆ, ನಾನು ಏನಾದರೂ ಹೇಳುತ್ತೇನೆ ಅಂತ ನನ್ನ ಬಾಯಿಯನ್ನೇ ನೋಡುತ್ತ ಕಾದ.

"ಥ್ಯಾಂಕ್ ಯೂ" ಅಂದೆ.